ಡ್ರೈವರ್ ಸಾಬರ ನಾಲ್ಕು ತುಂಡಿನ ಕೋಲು

ಡ್ರೈವರ್ ಸಾಬರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು, ಒಂದು ತಟ್ಟೆಯಲ್ಲಿ ಕಲ್ಲು ಇಟ್ಟು ಮರೆತುಹೋದ ತಕ್ಕಡಿಯ ಹಾಗೆ. ಗಡ್ಡ ಬಾಚಿಕೊಳ್ಳುವಾಗ ಕೈಯನ್ನು ಮೇಲಕ್ಕೆ ಎತ್ತುತ್ತಿರಲಿಲ್ಲ; ಗಡ್ಡವನ್ನೇ ಕೈಯ ಹತ್ತಿರಕ್ಕೆ ಬಗ್ಗಿಸುತ್ತಿದ್ದರು. ಯಾರಾದರೂ ಸಲಾಂ ಹೇಳಿದರೆ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು, ಎದೆಯ ಮಟ್ಟಕ್ಕೆ ತಂದು, ಅಲ್ಲಿಂದಲೇ ಮರಳಿ ಸಲಾಂ ಮಾಡುತ್ತಿದ್ದರು. ಗೊತ್ತಿಲ್ಲದವರು ಇದನ್ನು ಗತ್ತು ಅಂದುಕೊಳ್ಳುತ್ತಿದ್ದರು. ಗೊತ್ತಿದ್ದ ನಾವು ಸುಮ್ಮನಿರುತ್ತಿದ್ದೆವು.

ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿ ಬರುವ ಬಸ್ಸಿಗೆ ಅವರು ಡ್ರೈವರು. ನಾನು ಅದೇ ಬಸ್ಸಿನ ನೆತ್ತಿಯ ಮೇಲೆ ಹಗ್ಗದ ಸುರುಳಿ, ಅಲ್ಯೂಮಿನಿಯಂ ಪಾತ್ರೆಗಳ ಗಂಟು ಏರಿಸಿಕೊಂಡು ಸಂತೆಯಿಂದ ಸಂತೆಗೆ ಅಲೆಯುವ ವ್ಯಾಪಾರಿ. ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ. ಬಾಯೊಂದೇ ಬಂಡವಾಳ. ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂಭಾಗಕ್ಕೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಎಂಜಿನ್ ಓಡಿಸುತ್ತಿದ್ದ ಕಾಲ. ಬಸ್ಸು ಓಡುತ್ತಿತ್ತು ಅನ್ನುವುದು ದೊಡ್ಡ ಮಾತು. ನರಳುತ್ತಿತ್ತು. ಸ್ವಲ್ಪ ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು, ಹೆಂಗಸರು ಕೂತಲ್ಲೇ ಬೈಯಬೇಕು. ನಾವು ತಳ್ಳಿ ತಳ್ಳಿ ಸುಸ್ತಾಗಿ ಹತ್ತಿ ಕೂತರೆ ಅವರು ಹಿಂತಿರುಗಿ ನೋಡದೆ ಹೇಳುತ್ತಿದ್ದುದು ಒಂದೇ ಮಾತು: "ಪೂರ್ತಿ ಕೂರಬ್ಯಾಡ್ರಪ್ಪಾ, ಇನ್ನೊಂದ್ ಏರು ಐತೆ."

ಆ ಮಾತನ್ನು ಅವರು ಬಸ್ಸಿಗೆ ಮಾತ್ರ ಹೇಳುತ್ತಿರಲಿಲ್ಲ. ಮಗಳ ಮದುವೆ ಮುಗಿಸಿದ ದಿನವೂ ಹೇಳಿದರು. ಯುದ್ಧ ನಿಂತಿತು ಎಂದು ಮದ್ದೂರಿನಲ್ಲಿ ಯಾರೋ ಕೂಗಿಕೊಂಡು ಬಂದಾಗಲೂ ಅದನ್ನೇ ಹೇಳಿದರು.

ಭುಜ ಹಾಳಾದದ್ದು ಆ ಇದ್ದಿಲ ಬಸ್ಸಿನಿಂದಲೇ. ಬೆಳಗಿನ ಥಂಡಿಯಲ್ಲಿ ಎಂಜಿನ್ ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಒಂದು ದಿನ ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಕತ್ತೆ ಒದ್ದರೂ ಅಷ್ಟು ಜೋರಾಗಿ ಒದೆಯುವುದಿಲ್ಲ. ಕೆರಗೋಡಿನ ಕಡೆ ಮೂಳೆ ಕಟ್ಟುವವನೊಬ್ಬನಿದ್ದ. ಅವನ ಹತ್ತಿರ ಕರೆದುಕೊಂಡು ಹೋದವನು ನಾನೇ. ಅವನು ಎಣ್ಣೆ ಹಚ್ಚಿ, ತಿರುಚಿ, ಪಟ್ಟು ಕಟ್ಟಿ, ಕೊನೆಗೆ ಹೇಳಿದ: "ಸ್ಟೇರಿಂಗ್ ಬುಟ್ರೆ ಕೈ ಉಳೀತದೆ. ಬುಡ್ನಿಲ್ಲ ಅಂದ್ರೆ ದಿನಾ ಒಂದೊಂದ್ ಚೂರು ಕೆಳಿಕ್ಕಿಳಿತದೆ. ಆಮ್ಯಾಕೆ ತಲೆ ಮೇಲಿನ ಟೋಪಿ ತಗಿಯಕ್ಕೂ ಆಗಕ್ಕಿಲ್ಲ."

ವಾಪಸ್ಸು ಬರುವಾಗ ಎತ್ತಿನ ಗಾಡಿಯಲ್ಲಿ ನಾನು ಬುದ್ಧಿ ಹೇಳಿದೆ. ಬುದ್ಧಿ ಹೇಳುವುದು ನನಗೆ ಆಗಲೂ ಚಟ, ಈಗಲೂ ಚಟ. "ಮಾಲೀಕನ ಕೇಳಿ ಶೆಡ್ಡಿನ ಕೆಲ್ಸ ಇಸ್ಕೊಳಿ ಸಾಬ್ರೇ. ನಾನ್ ಬಂದು ಮಾತಾಡ್ತೀನಿ."

"ಮಾತಾಡೋವಂತೆ ಬುಡ್ಲಾ," ಅಂದರು. "ಅದ್ಕೂ ಮೊದ್ಲು ಇನ್ನೊಂದು ಕೆಲ್ಸ ಐತೆ. ಈ ಕೈ ತಲೆ ಮ್ಯಾಕೆ ಏಳೋವಾಗ್ಲೇ ಒಂದ್ ಸಲ ಸಮುದ್ರುಕ್ ಓಗ್ಬೇಕು ಕಣ್ಲಾ."

ಹುಡುಗತನದಲ್ಲಿ ಅವರು ಕಾಫಿ ಲಾರಿಯ ಮೇಲೆ ಮಂಗಳೂರಿಗೆ ಹೋಗಿದ್ದರಂತೆ. ಲಾರಿ ಖಾಲಿಯಾಗುವವರೆಗೆ ಸಮುದ್ರ ನೋಡಲು ಹೋದರೆ, ಅಲ್ಲಿ ಒಬ್ಬ ಮುದುಕ ತೊಡೆಯ ಮಟ್ಟ ನೊರೆಯಲ್ಲಿ ನಿಂತು, ಕೋಲನ್ನು ತಲೆಯ ಹಿಂದಕ್ಕೆ ತಂದು, ಹೊಳೆಯುವ ಲೋಹದ ತುಂಡೊಂದನ್ನು ಅಲೆಗಳ ಆಚೆಗೆ ಎಸೆದು ಎಳೆಯುತ್ತಿದ್ದನಂತೆ. ಎರೆಹುಳವಿಲ್ಲ, ರಾಗಿ ಹಿಟ್ಟಿನ ಉಂಡೆಯಿಲ್ಲ. ಇವರು ಬಿಟ್ಟ ಬಾಯಿ ಬಿಟ್ಟಂತೆ ನಿಂತದ್ದನ್ನು ನೋಡಿ ಒಂದು ಸಲ ಇವರ ಕೈಗೇ ಕೋಲು ಕೊಟ್ಟ. ಇವರೂ ಎಸೆದರು. "ನಮ್ ಸಿಂಷಾ ಹೊಳೇಲಿ ಎಸ್ಟ್ ದೂರ ಎಸದ್ರೂ ಎದುರುಗಡೆ ದಡ ಕಾಣ್ತದೆ. ಅಲ್ಲಿ ದಡಾನೇ ಇಲ್ಲ ಕಣ್ಲಾ. ಎಸೆದ್ಮ್ಯಾಕೆ ಅದು ಓಯ್ತಾನೇ ಇರ್ತದೆ ಅನ್ನುಸ್ತದೆ." ಇದನ್ನು ಹೇಳುವಾಗ ಅವರು ಮಳವಳ್ಳಿ ರಸ್ತೆಯನ್ನೇ ನೋಡುತ್ತಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುವ, ಮತ್ತೆ ಬೆಳಿಗ್ಗೆ ಹೋಗುವ ರಸ್ತೆ.

ರಜದ ದಿನ ಅವರು ಮದ್ದೂರಿನ ಹತ್ತಿರ ಶಿಂಷೆಯ ಕಲ್ಲುಗಳ ಮೇಲೆ ನಿಂತು ಅದೇ ಥರ ಮೀನು ಹಿಡಿಯುತ್ತಿದ್ದರು. ಹಿತ್ತಾಳೆ ಚಮಚದ ಹಿಡಿ ಕತ್ತರಿಸಿ ಬಿಸಾಕಿ, ಉಳಿದ ಬಟ್ಟಲಿನ ಭಾಗಕ್ಕೆ ಒಂದು ಕಡೆ ತೂತು ಕೊರೆದು ದಾರ, ಇನ್ನೊಂದು ಕಡೆ ಗಾಳ. ನೀರಿನಲ್ಲಿ ಎಳೆದರೆ ಅದು ಗಾಯಗೊಂಡ ಮರಿಮೀನಿನ ಹಾಗೆ ಹೊರಳುತ್ತದೆ. ದೊಡ್ಡ ಮೀನು ಮೋಸಹೋಗುತ್ತದೆ. ಜಗುಲಿಯ ಮೇಲೆ ಕೂತವರು ನಗುತ್ತಿದ್ದರು: "ಸಾಬ್ರು ಮೀನ್ಗೆ ಪಾಯ್ಸ ತಿನ್ಸಕ್ಕೆ ಹೊಂಟವ್ರೆ." ಕೋಲು ಮಾತ್ರ ಆಳುದ್ದದ ಎರಡರಷ್ಟಿನ ಇಡೀ ಬಿದಿರು. ಅದನ್ನು ಹೊಳೆಯ ಪಕ್ಕದ ತೋಟದವನ ಗುಡಿಸಲಿನಲ್ಲೇ ಇಡುತ್ತಿದ್ದರು. ಸಮುದ್ರಕ್ಕೆ ಅದನ್ನು ಒಯ್ಯುವ ಮಾತಿರಲಿಲ್ಲ. ಮೈಸೂರಿಗೆ ಒಂದು ಬಸ್ಸು, ಅಲ್ಲಿಂದ ಮಡಿಕೇರಿಯ ಮೇಲೆ ಮಂಗಳೂರಿಗೆ ಇನ್ನೊಂದು.

"ಬಸ್ಸಿನ್ ತಲೆ ಮೇಲೆ ಕಟ್ಟಿದ್ರಾಯ್ತು," ಅಂದೆ.

ಅವರಿಗೆ ಸಿಟ್ಟು ಬಂತು. "ನನ್ ಬಸ್ಸಿಗೆ ಯಾರಾರ ನೇಗ್ಲು ತಂದ್ರೆ ನಾನ್ ಏನಂತೀನಿ?"

"ಅವರಪ್ಪನ್ನೂ ಸೇರ್ಸಿ ಬೈತೀರಿ."

"ಮತ್ತೆ? ಇನ್ನೊಬ್ ಡ್ರೈವರಿನ ಬಸ್ಸಿಗೆ ನಾನ್ ಬಿದಿರು ತಕ್ಕೊಂಡ್ ಓಗ್ಲಾ? ಮರ್ವಾದೆ ಇಲ್ವಾ?"

ಹೀಗೆ ನಮ್ಮ ಹುಡುಕಾಟ ಶುರುವಾಯಿತು: ಬಿಚ್ಚಿದರೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂರುವಂಥದ್ದು, ಜೋಡಿಸಿದರೆ ಸಮುದ್ರಕ್ಕೆ ಎಸೆಯುವಂಥದ್ದು, ಬಸ್ಸಿನ ಡ್ರೈವರನ ಸಂಬಳಕ್ಕೆ ಎಟುಕುವಂಥದ್ದು. ಇವು ಮೂರೂ ಒಂದೇ ಕೋಲಿನಲ್ಲಿ ಸಿಗುವುದಿಲ್ಲ. ಇಂದಿಗೂ ಸಿಗುವುದಿಲ್ಲ, ಬೇಕಾದರೆ ಹುಡುಕಿ ನೋಡಿ. ಎರಡು ಸಿಕ್ಕರೆ ದುಡ್ಡು ಕೊಟ್ಟು ಹೊರಟುಬಿಡಬೇಕು.

ಮಳವಳ್ಳಿಯಲ್ಲಿ ಒಬ್ಬ ಬಟ್ಲರ್ ಇದ್ದ. ಅವನ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಸಾಮಾನೆಲ್ಲ ಇವನಿಗೇ ಬಿಟ್ಟು ಹೋಗಿದ್ದ. ಅದರಲ್ಲಿ ಎರಡು ಗಾಳದ ಕೋಲು. ಒಂದು, ಎರಡು ತುಂಡಿನದು: ಉದ್ದ, ದಪ್ಪ, ಜೇನಿನ ಬಣ್ಣದ ಮೆರುಗು, ಹಿಡಿಗೆ ಬಾಟಲಿಯ ಬಿರಡೆ ಮಾಡುವ ಹಗುರ ಮರದ ಕವಚ. ಇನ್ನೊಂದು ನಾಲ್ಕು ತುಂಡಿನದು: ಗಿಡ್ಡ, ತೆಳು, ಬಣ್ಣ ಎದ್ದುಹೋದದ್ದು, ಒಂದು ಹಳೆ ಬಟ್ಟೆಯ ಚೀಲದಲ್ಲಿ. ಒಂದರ ಬಿದಿರ ತುದಿ ಇನ್ನೊಂದರ ಹಿತ್ತಾಳೆ ಕೊಳವೆಯೊಳಗೆ ಕೂರುವ ಹಾಗೆ ಜೋಡಣೆ.

ನಾನು ಉದ್ದದ್ದಕ್ಕೆ ಕೈ ಹಾಕಿದೆ. ಕೊಳ್ಳುವವನು ತನಗೆ ಬೇಕಾದ್ದನ್ನು ಮೊದಲು ಮುಟ್ಟಬಾರದು, ಅದು ನನ್ನ ನಿಯಮ. ಆದರೆ ಅವತ್ತು ಆ ಕೋಲಿನ ಅಂದ ನನ್ನ ನಿಯಮವನ್ನೂ ಕೆಡಿಸಿತು. ಬಟ್ಲರ್ ಹೇಳಿದ ಬೆಲೆಗೆ ಒಂದು ಒಳ್ಳೆ ಕರುವೇ ಬರುತ್ತಿತ್ತು.

"ಇಂಗ್ಲೆಂಡ್ ಮಾಲು ಸ್ವಾಮಿ. ನಮ್ ದೊರೆ ಇದ್ರಲ್ಲಿ ಆಳೆತ್ತರದ ಮೀನ್ ಹಿಡುದವ್ರೆ."

"ನಿಮ್ ದೊರೆ ಎತ್ತರ ಎಷ್ಟು?" ಅಂದೆ. "ಅವ್ರ ಮೊಣಕಾಲ್ಗೆ ಬರೋ ಆಳಾ, ತಲೆಗೆ ಬರೋ ಆಳಾ?"

ಬಟ್ಲರ್ ಮುಖ ತಿರುಗಿಸಿದ. ಸಾಬರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಗಿಡ್ಡ ಕೋಲಿನ ನಾಲ್ಕು ತುಂಡನ್ನೂ ಸೇರಿಸಿ ಅಂಗಳದಲ್ಲಿ ನಿಂತಿದ್ದರು. ಹಿಡಿಯ ಹತ್ತಿರ ಹಿಡಿದು, ನಿಧಾನವಾಗಿ ಮೊಣಕೈ ಎತ್ತಿ, ಭುಜದ ಹತ್ತಿರ ಬಂದಾಗ ತುಟಿ ಕಚ್ಚಿ, ಇನ್ನೂ ಒಂದು ಚೂರು ಎತ್ತಿದರು. ಕೋಲು ಕಿವಿಯ ಪಕ್ಕಕ್ಕೆ ಬಂತು. ಆಮೇಲೆ ಉದ್ದದ್ದನ್ನು ಕೊಡು ಎಂದು ಕೈ ಚಾಚಿದರು. ಅದು ಎದೆಯಿಂದ ಮೇಲೆ ಏಳಲಿಲ್ಲ.

"ಇದು ಆ ಅಲೆ ದಾಟಕ್ಕಿಲ್ಲ ಸಾಬ್ರೇ," ಅಂದೆ ಗಿಡ್ಡದ್ದನ್ನು ತೋರಿಸಿ. "ಸಮುದ್ರುಕ್ಕೆ ಉದ್ದ ಬೇಕು. ಯಾರ್ನಾರ ಕೇಳಿ."

"ಸಮುದ್ರುಕ್ಕೆ ಏನ್ ಬೇಕೋ ಅದನ್ ಸಮುದ್ರ ತಕ್ಕೊಳ್ಲಿ. ನಾನ್ ನನ್ ರಟ್ಟೆಗೆ ಕೊಳ್ತಾ ಇವ್ನಿ."

ಗಿಡ್ಡದ್ದು ಅಗ್ಗಕ್ಕೇ ಸಿಕ್ಕಿತು. ನಾನು ಕೋಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಂದು ಕೊಳವೆ ಸಡಿಲ ಎಂದು ಬಟ್ಲರನಿಗೆ ಕೇಳಿಸಿದೆ; ದಾರ ಸುತ್ತುವ ಮರದ ರಾಟೆಯನ್ನೂ ಸೇರಿಸಿಕೊಡುವಂತೆ ಮಾಡಿದೆ; ಸ್ವಲ್ಪ ನಗದು, ಉಳಿದದ್ದಕ್ಕೆ ನನ್ನ ಗಂಟಿನಿಂದ ಒಂದು ಮುಚ್ಚಳವಿರುವ ಪಾತ್ರೆ. ಅವನ ಹೆಂಡತಿ ಒಳಗಿನಿಂದ ಆ ಪಾತ್ರೆಯನ್ನೇ ನೋಡುತ್ತಿದ್ದಳು. ವ್ಯಾಪಾರದಲ್ಲಿ ಎದುರಿಗೆ ಕೂತವನನ್ನಲ್ಲ, ಬಾಗಿಲ ಮರೆಯಲ್ಲಿ ನಿಂತವರನ್ನು ನೋಡಬೇಕು.

ಕೋಲು ಬಂತು, ರಜ ಬರಲಿಲ್ಲ. ಡ್ರೈವರುಗಳು ಮಿಲಿಟರಿ ಲಾರಿಗೆ ಹೊರಟುಹೋಗಿದ್ದರು. ಇದ್ದವರನ್ನು ಮಾಲೀಕ ಬಿಡುವಂತಿರಲಿಲ್ಲ. ನಾನು ಎರಡು ಸಲ ಮಾತಾಡಲು ಹೋದೆ. "ಮುಂದಿನ ತಿಂಗಳು ನೋಡೋಣ," ಅಂದ. ಮುಂದಿನ ತಿಂಗಳು ಅನ್ನುವುದು ಹಾಗೇ ಮುಂದಕ್ಕೆ ಹೋಗುತ್ತಿತ್ತು. ಯುದ್ಧ ಮುಗಿದರೂ ಇದ್ದಿಲು ಮುಗಿಯಲಿಲ್ಲ. ಭುಜ ಇಳಿಯುತ್ತಲೇ ಇತ್ತು. ಶುಕ್ರವಾರದ ನಮಾಜಿನಲ್ಲಿ ಎಲ್ಲರೂ ಎರಡೂ ಕೈಗಳನ್ನು ಕಿವಿಯವರೆಗೆ ಎತ್ತುವಾಗ ಇವರ ಎಡಗೈ ಮಾತ್ರ ಕಿವಿಗೆ ಹೋಗುತ್ತಿತ್ತಂತೆ. "ಪರ್ವಾಗಿಲ್ಲ, ಇದ್ದಿಲ್ ಬಸ್ಸಿನ್ ಕಷ್ಟ ಮ್ಯಾಲಿರೋನ್ಗೆ ಗೊತ್ತು," ಅನ್ನುತ್ತಿದ್ದರು. ಮಂಡ್ಯದ ಪಕ್ಕದ ಗುತ್ತಲಿನ ಅವರ ಮನೆಗೆ ಹೋದರೆ ಅವರ ಹೆಂಡತಿ ಬಾಗಿಲ ಹಿಂದಿನಿಂದ ನನ್ನನ್ನು ಗದರಿಸುತ್ತಿದ್ದರು. "ಅವ್ರ ಅಂಗಿ ತೊಡ್ಸೋದು ನಾನು. ನೀನು ಆ ಕೋಲು ಕೊಡ್ಸಿ ಕುಣುಸ್ತಾ ಇದ್ದೀಯ. ರಟ್ಟೆ ಸತ್ತಿರೋ ಮನ್ಸಂಗೆ ಸಮುದ್ರ ಯಾಕಪ್ಪಾ?"

ನಾನು ಏನು ಹೇಳಲಿ? ನನಗೆ ಆ ಕಡೆಯ ತೆಂಗಿನ ನಾರಿನ ಹಗ್ಗ ಬೇಕಿತ್ತು, ಅದಕ್ಕೆ ಜೊತೆಗೆ ಹೋಗುತ್ತೇನೆ ಅಂದೆ. ಅದು ನಿಜವೂ ಆಗಿತ್ತು.

ಕೊನೆಗೆ ಒಂದು ಬೇಸಿಗೆಯ ಮೊದಲಿಗೆ ನಾಲ್ಕು ದಿನ ರಜ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಅವರ ಮನೆಗೆ ಹೋದರೆ, ಸಾಬರು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕೋಲು ಪೂರ್ತಿ ಜೋಡಿಸಿದ ಸ್ಥಿತಿಯಲ್ಲಿ ನೀರು ತುಂಬಿದ ಕಲ್ಲುಬಾನಿಯಲ್ಲಿ ಮಲಗಿತ್ತು. ತುದಿಗಳು ಎರಡೂ ಕಡೆ ಹೊರಗೆ ಚಾಚಿದ್ದವು, ನಡುವಿನ ಜೋಡಣೆಗಳು ನೀರೊಳಗೆ.

"ಇದೇನ್ ಸಾಬ್ರೇ?"

"ಆ ಕೊಳವೆ ಸಡ್ಲ ಅಂತ ನೀನೇ ಅಂದಿದ್ದಲ್ಲ. ಬೆಳಿಗ್ಗಿಂದ ನೆನಸೀವ್ನಿ. ಅಲ್ಲಾಡಂಗಿಲ್ಲ ಈಗ."

ನಾಲೆಯ ಸೀಮೆಯಲ್ಲಿ ಹುಟ್ಟಿದವರು ಯಾರಾದರೂ ಅದನ್ನೇ ಮಾಡುತ್ತಾರೆ. ಗುದ್ದಲಿಯ ಕಾವು ಸಡಿಲವಾದರೆ ನಾಲೆಗೆ ಹಾಕು. ಗಾಡಿಯ ಚಕ್ರದ ನಡುವಿನ ಗುಂಬ ಬಿರುಕು ಬಿಟ್ಟರೆ ನೀರಿಗೆ ಉರುಳಿಸು. ಮರ ಉಬ್ಬಿ ಬಿಗಿಯಾಗುತ್ತದೆ. ಕೊತ್ತತ್ತಿಯಲ್ಲಿ ಯಾವ ಹೊತ್ತಿಗೆ ಹೋದರೂ ನಾಲೆಯ ಅಂಚಿನಲ್ಲಿ ಯಾರದಾದರೂ ಗುದ್ದಲಿ ನೆನೆಯುತ್ತಿರುತ್ತದೆ. ಆದರೆ ಗುದ್ದಲಿಯನ್ನು ಯಾರೂ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಮಂಗಳೂರಿಗೆ ಹೋಗುವುದಿಲ್ಲ. ಬಿದಿರು ಹಿತ್ತಾಳೆಯೊಳಗೆ ಊದಿ ಕೂತಿತ್ತು. ನಾನು ಒಂದು ಕಡೆ, ಪಕ್ಕದ ಮನೆಯವನು ಇನ್ನೊಂದು ಕಡೆ ಹಿಡಿದು ಎಳೆದೆವು. ಕೋಲು ಬರಲಿಲ್ಲ, ಪಕ್ಕದ ಮನೆಯವನು ಬಂದು ನನ್ನ ಮೇಲೆ ಬಿದ್ದ. ಒಣಗಿದರೆ ತಾನೇ ಬಿಡುತ್ತದೆ. ಆದರೆ ಬೆಳಿಗ್ಗೆ ಬಸ್ಸು.

ಸಾಬರು ಕೋಲನ್ನು ಗೋಡೆಗೆ ಒರಗಿಸಿದರು.

"ಮುಂದಿನ ಸಲ ಓಗುವ," ಅಂದೆ.

"ಮುಂದಿನ ಸಲ ಅಂತ ನಂಗೆ ಯಾವ್ದೂ ಇಲ್ಲ ಕಣ್ಲಾ," ಅಂದರು. ಸಿಟ್ಟಿನಿಂದ ಅಲ್ಲ. ಬರೀ ಸುಸ್ತಿನಿಂದ.

ಮೈಸೂರಿನ ಬಸ್ ನಿಲ್ದಾಣದಲ್ಲಿ ಆ ಮನುಷ್ಯ, ನೇಗಿಲು ತಂದವರನ್ನು ಕೆಳಗಿಳಿಸುತ್ತಿದ್ದ ಮನುಷ್ಯ, ಕೈಯಲ್ಲಿ ಆ ಕೋಲು ಹಿಡಿದುಕೊಂಡು ಇನ್ನೊಬ್ಬ ಡ್ರೈವರನ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದೆ. ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಕೋಲಿನ ತುದಿಯವರೆಗೆ ಕಣ್ಣಾಡಿಸಿದ.

"ಏನ್ ಸಾಬ್ರೇ, ಮಡಿಕೇರಿ ಬೆಟ್ಟದ್ ಮೇಲೆ ಬಾವುಟ ನೆಡೋಕೆ ಹೊರಟ್ರಾ?"

"ಮೇಲೆ ಕಟ್ಟಕ್ಕೆ ಒಪ್ಪಿಗೆ ಕೊಡ್ಬೇಕಪ್ಪ. ನಾನೂ ಡ್ರೈವರೇ."

"ಡ್ರೈವರಾಗಿ ಇದನ್ ತಂದ್ರಾ?"

ನಾನು ನಡುವೆ ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ಅವನೇ ಸಾಬರ ಭುಜ ನೋಡಿದ. ಒಂದು ಗಳಿಗೆ ನೋಡಿ ಕೇಳಿದ: "ಹ್ಯಾಂಡಲ್ ಒದ್ದಿದ್ದಾ?" ಸಾಬರು ಹೂಂ ಅಂದರು. ಅವನು ತಾನೇ ಏಣಿ ಹತ್ತಿ, ಬಾಳೆಗೊನೆಗಳ ನಡುವೆ ಕೋಲನ್ನು ಮಲಗಿಸಿ ಕಟ್ಟಿ ಬಂದ. ಲಗೇಜಿನ ಚಾರ್ಜು ಕೇಳಲಿಲ್ಲ. ನಾನು ಚೌಕಾಸಿ ಮಾಡದೆ ಪಾರಾದದ್ದು ಅದೊಂದೇ ಸಲ.

ಘಟ್ಟ ಇಳಿಯುವಾಗ ಎಲ್ಲೋ ಒಂದು ಕೊಂಬೆ ತಗುಲಿ ಕೋಲಿನ ತುದಿ ಗೇಣುದ್ದ ಮುರಿದುಹೋಗಿತ್ತು. ಮಂಗಳೂರಿನಲ್ಲಿ ಕೆಳಗಿಳಿಸಿದಾಗ ನೋಡಿದೆವು. ನನಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಮೈಯೆಲ್ಲ ಧೂಳು, ಎರಡು ದಿನದ ನಿದ್ದೆ ಬಾಕಿ. ಸಾಬರು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ದಾರ ತೂರೋ ಉಂಗ್ರ ಒಂದ್ ಕಮ್ಮಿ ಆಯ್ತು, ಅಷ್ಟೇ," ಅಂದರು. ದಾರವನ್ನು ಅದರ ಕೆಳಗಿನ ಉಂಗುರದಲ್ಲಿ ಪೋಣಿಸಿದರು.

ಊರು ದಾಟಿ ಮರಳಿಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಅವರು ಪಂಚೆ ಮೇಲೆತ್ತಿ ಕಟ್ಟಿ, ರಾಟೆಯಿಂದ ದಾರ ಎಳೆದು ಮರಳ ಮೇಲೆ ಸುರುಳಿ ಸುರುಳಿಯಾಗಿ ಬಿಡುವಂತೆ ನನಗೆ ಹೇಳಿ, ನೊರೆಯೊಳಗೆ ನಡೆದರು. ಬಲೆ ಒಣಗಿಸುತ್ತಿದ್ದ ಅಲ್ಲಿಯ ಒಬ್ಬ ವಯಸ್ಸಾದವರು ದೂರದಿಂದಲೇ ಕೂಗಿದರು: "ದೂರ ಬಿಸಾಡುದು ಎಂತಕ್ಕೆ ಮಾರಾಯ್ರೇ? ಮೀನು ಇಲ್ಲೇ ಕಾಲಿನ ಬುಡದಲ್ಲಿ ಉಂಟು!"

ನಾನೂ ಕೂಗಿದೆ: "ಕೇಳುಸ್ತಾ ಸಾಬ್ರೇ? ಹತ್ರ ಹಾಕಿದ್ರೆ ಸಾಕಂತೆ! ರಟ್ಟೆಗೆ ನೋವ್ ಮಾಡ್ಕೋಬೇಡಿ!"

ಅವರಿಗೆ ಕೇಳಿಸಿತ್ತು. ಆದರೂ ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ತಳ್ಳುತ್ತ, ಮೇಲಕ್ಕೆ ತರಲು ಶುರುಮಾಡಿದರು. ಎದೆಗೆ ಬಂತು. ಭುಜಕ್ಕೆ ಬಂದು ನಿಂತಿತು. ಒಂದು ಅಲೆ ಬಂದು ತೊಡೆಗೆ ಹೊಡೆದು ಹೋಯಿತು, ಅವರು ಅಲ್ಲಾಡಲಿಲ್ಲ. ಇನ್ನೊಂದು ಅಲೆ. ಕೈ ಇನ್ನೂ ಭುಜದ ಮಟ್ಟದಲ್ಲೇ ಇತ್ತು. ನಾನು ಹತ್ತಿರ ಹೋಗಿ ಮೊಣಕೈ ಹಿಡಿಯಲೇ ಅಂದುಕೊಂಡೆ, ಹೋಗಲಿಲ್ಲ. ಆಮೇಲೆ ಗಂಟಲಿನಿಂದ ಒಂದು ಶಬ್ದ ಹೊರಬಂತು, ಏರಿನಲ್ಲಿ ಬಸ್ಸು ಮಾಡುವಂಥ ಶಬ್ದ. ಕೈ ತಲೆಯ ಮೇಲಕ್ಕೆ ಎದ್ದಿತು, ಟೋಪಿಯ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ನನ್ನ ಕಾಲ ಬಳಿಯ ದಾರ ಸರಸರ ಎದ್ದು ಓಡಿತು. ಚಮಚ ಒಂದು ಸಲ ಬಿಸಿಲಿಗೆ ಮಿಂಚಿ ಮೊದಲ ಅಲೆ ದಾಟಿತು, ಎರಡನೆಯದನ್ನೂ ದಾಟಿತು. ಎಲ್ಲಿ ಬಿತ್ತೋ ಕಾಣಲಿಲ್ಲ.

ಮೀನು ಬರಲಿಲ್ಲ. ನಿಧಾನವಾಗಿ ದಾರ ಸುತ್ತಿಕೊಂಡು, ಬರಿಯ ಚಮಚವನ್ನು ಎತ್ತಿ ನೋಡಿ, ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ನೋವಿನದೋ, ಉಪ್ಪಿನದೋ. "ಆಯ್ತು," ಅಂದರು.

ಆಮೇಲಿನದೆಲ್ಲ ಸೊಂಟದ ಮಟ್ಟದ ಎಸೆತ. ಆ ವಯಸ್ಸಾದವರು ಹೇಳಿದ್ದೇ ಸರಿ. ಕಾಲಿನ ಬುಡದಲ್ಲೇ ಅಂಗೈಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಗಿನ ಮೀನೊಂದು ಸಿಕ್ಕಿತು. ಅದನ್ನು ಆ ಬಲೆಯವರಿಗೇ ಕೊಟ್ಟೆವು. ಸಾಬರು ಮರಳ ಮೇಲೆ ಮಲಗಿ, ಬಾಯಿ ತೆರೆದುಕೊಂಡು, ಕತ್ತಲಾಗುವವರೆಗೆ ನಿದ್ದೆ ಮಾಡಿದರು. ನಾನು ಪಕ್ಕದಲ್ಲಿ ಕೂತು ನಾರಿನ ಹಗ್ಗದ ಲೆಕ್ಕ ಹಾಕಲು ನೋಡಿದೆ. ಯಾಕೋ ಲೆಕ್ಕ ಹತ್ತಲಿಲ್ಲ.

ಊರಿಗೆ ಬಂದ ಮೇಲೆ ಅವರೇ ಮಾಲೀಕನ ಹತ್ತಿರ ಹೋಗಿ ಶೆಡ್ಡಿನ ಕೆಲಸ ಕೇಳಿದರು. ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ. ಆದರೆ ಇದ್ದಿಲ ಹೊಗೆ ಭುಜಕ್ಕಿಂತ ಒಳಗೆ ಇಳಿದಿತ್ತು. ಮಳೆಗಾಲಕ್ಕೆ ಕೆಮ್ಮು ಹಿಡಿಯಿತು, ಚಳಿಗೆ ಹಾಸಿಗೆ ಹಿಡಿದರು. ನೋಡಲು ಹೋದರೆ ಬಲಗೈ ಪಕ್ಕದಲ್ಲಿ ಯಾರದೋ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಬಹಳ ದಿನ ನರಳಲಿಲ್ಲ.

ನನ್ನ ಅಂಗಡಿ ಈಗ ಮದ್ದೂರಿನಲ್ಲಿ ಹತ್ತು ಜನಕ್ಕೆ ಗೊತ್ತು. ಅಗ್ಗಕ್ಕೆ ಕೊಳ್ಳುವುದು ನಾನೇ ಕಲಿತದ್ದು. ತನಗೆ ಏನು ಬೇಕು ಎಂದು ತಿಳಿದು ಕೊಳ್ಳುವುದನ್ನು ಅವರಿಂದ ಕಲಿತೆ. ಎರಡನೆಯದು ಇಲ್ಲದೆ ಮೊದಲನೆಯದು ಬರೀ ಗಂಟು ಹೊರುವ ಕೆಲಸ. ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಯಾರೂ ಕೇಳುವುದಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ.

ಸಾಬರು ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಕರೆದಿದ್ದರು, ಹೋಗಿದ್ದೆ. ಎಲ್ಲರೂ ಎದ್ದುಹೋದ ಮೇಲೆ ಅವರ ಹೆಂಡತಿ ಮೊದಲ ಸಲ ಬಾಗಿಲಿನಿಂದ ಈಚೆಗೆ ಬಂದು ಹೊಸ್ತಿಲ ಮೇಲೆ ಕೂತರು. ಬೈಯಬಹುದು ಅಂದುಕೊಂಡೆ. ಅವರು ಮೀನು ಸಿಕ್ಕಿತಾ ಎಂದು ಕೇಳಲಿಲ್ಲ, ಕೋಲು ಏನಾಯಿತು ಎಂದೂ ಕೇಳಲಿಲ್ಲ.

"ಅವ್ರು ಯೋಳಿದ್ರು. ನಾನ್ ನಂಬ್ನಿಲ್ಲ," ಅಂದರು. "ಕೊನೆ ಎಲ್ಡ್ ವರ್ಸ ಅವ್ರ ಟೋಪಿ ಹಾಕ್ತಾ ಇದ್ದೋಳು ನಾನು. ನೀನ್ ಅಲ್ಲೇ ಇದ್ದೆಯಲ್ಲಪ್ಪ. ನಿಜ ಯೋಳು. ಆ ಕೈ ತಲೆ ಮ್ಯಾಕೆ ಎದ್ದಿತ್ತಾ?"

"ಎದ್ದಿತ್ತು ಕಣಕ್ಕ," ಅಂದೆ. "ಒಂದ್ ಸಲ. ಟೋಪಿ ದಾಟಿ ಹಿಂದಕ್ಕೆ ಓಗಿತ್ತು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ತಮ್ಮ ಬಲಗೈಯನ್ನು ನಿಧಾನವಾಗಿ ಮೇಲಕ್ಕೆ ಎತ್ತಿದರು. ಭುಜದವರೆಗೆ, ಕಿವಿಯವರೆಗೆ, ತಲೆಯ ಮೇಲಕ್ಕೆ. ಎಷ್ಟು ದೂರ ಎಂದು ಅಳೆದು ನೋಡುವ ಹಾಗೆ.